ಊರ ಮುಂದೆ ಹಾಯುವ ಗಾಜಿನ ತಂತಿ: ಹಳ್ಳಿಗೆ ಸಿಗುವುದೆಷ್ಟು?

ಹೆಬ್ಬಾಳದಿಂದ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆ, ಯಲಹಂಕದಿಂದ ರಾಜಾನುಕುಂಟೆ ಮಾರ್ಗವಾಗಿ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ, ಇವೆರಡರ ಅಂಚಿನಲ್ಲೂ ಇತ್ತೀಚಿನ ವರ್ಷಗಳಲ್ಲಿ ಕಾಲುವೆ ಅಗೆದು ಪ್ಲಾಸ್ಟಿಕ್ ಕೊಳವೆಯ ಸುರುಳಿ ಇಳಿಸುವುದನ್ನು ರೈತ ಬಾಂಧವರು ನೋಡಿಯೇ ಇರುತ್ತಾರೆ. ಕೊಳವೆಯೊಳಗೆ ಹೋಗುವುದು ನೀರಲ್ಲ, ಕರೆಂಟೂ ಅಲ್ಲ. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳು. ಅವುಗಳಲ್ಲಿ ಬೆಳಕಿನ ಮಿಣುಕಿನ ರೂಪದಲ್ಲಿ ಮಾತು, ಚಿತ್ರ, ಲೆಕ್ಕಪತ್ರ ಎಲ್ಲವೂ ಹರಿಯುತ್ತವೆ. ಇದಕ್ಕೇ ಆಪ್ಟಿಕಲ್ ಫೈಬರ್ ಎನ್ನುತ್ತಾರೆ. ವಿಮಾನ ನಿಲ್ದಾಣಕ್ಕೆ, ದೊಡ್ಡ ಕಂಪನಿಗಳಿಗೆ, ಹೊಸ ಬಡಾವಣೆಗಳಿಗೆ ಇದು ಬಂದದ್ದಾಯಿತು. ದಾರಿಯಲ್ಲಿರುವ ಹಳ್ಳಿಗೆ ಬಂತೇ ಎಂಬುದು ಈ ವಾರದ ವಿಚಾರ.

ಹೈಟೆನ್ಷನ್ ಲೈನು ನಮ್ಮ ಹೊಲದ ಮೇಲೇ ಹಾದು ಹೋದರೂ ಅದರಿಂದ ಪಂಪ್‌ಸೆಟ್ ತಿರುಗುವುದಿಲ್ಲ. ಟಿ.ಸಿ. ಕೂರಿಸಿ, ಕಂಬ ನೆಟ್ಟು, ತಂತಿ ಎಳೆದರೆ ಮಾತ್ರ ತಿರುಗುತ್ತದೆ. ಗಾಜಿನ ತಂತಿಯ ಕಥೆಯೂ ಹೀಗೆಯೇ. ರಸ್ತೆಯಲ್ಲಿ ಹಾಯುವ ಕೇಬಲ್ಲನ್ನು ಊರಿನ ಹತ್ತಿರ ಒಂದು ಕಡೆ ಬಿಚ್ಚಿ, ಎಳೆಗಳನ್ನು ಕವಲೊಡೆಸಿ, ಪೆಟ್ಟಿಗೆ ಇಟ್ಟು, ಅಲ್ಲಿಂದ ಮನೆಮನೆಗೆ ಎಳೆಯಬೇಕು. ಈ ಕೊನೆಯ ಕೆಲಸಕ್ಕೆ ಖರ್ಚು ಹೆಚ್ಚು, ಬರುವ ಹಣ ಕಡಿಮೆ. ನಾಲೆಯ ಕೊನೆಯ ಭಾಗದ ರೈತನಿಗೆ ನೀರು ಯಾಕೆ ತಲುಪುವುದಿಲ್ಲ ಎಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರ ಇದಕ್ಕೆ ಕಾರಣವೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಈಗ ಬಳಕೆಯಲ್ಲಿರುವ ಪದ್ಧತಿಯಲ್ಲಿ ಮೂಲ ಪೆಟ್ಟಿಗೆಯಿಂದ ಸುಮಾರು 20 ಕಿಲೋಮೀಟರ್ ದೂರದವರೆಗೆ ನಡುವೆ ಕರೆಂಟಿನ ಹಂಗಿಲ್ಲದೆ ಬೆಳಕು ಹೋಗುತ್ತದೆ. ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಬಹುದು. ಯಲಹಂಕದಲ್ಲಿ ಪೆಟ್ಟಿಗೆ ಇದ್ದರೆ ರಾಜಾನುಕುಂಟೆ, ಬೆಟ್ಟಹಲಸೂರು, ಹೆಸರಘಟ್ಟ ಎಲ್ಲವೂ ಆ ಅಳತೆಯೊಳಗೇ ಬರುತ್ತವೆ. ಅಡ್ಡಿ ಇರುವುದು ಲೆಕ್ಕದ ಪುಸ್ತಕದಲ್ಲಿ.

ಆ ಲೆಕ್ಕವನ್ನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಒಂದು ಕಂಪನಿಯಿಂದ ತಿಳಿಯಬಹುದು. ಏಟ್ರಿಯಾ ಕನ್ವರ್ಜೆನ್ಸ್ ಟೆಕ್ನಾಲಜೀಸ್, ಅಂದರೆ ಜನ 'ಆಕ್ಟ್' ಎಂದು ಕರೆಯುವ ಸಂಸ್ಥೆ, 2000ದಲ್ಲಿ ಆರಂಭವಾಯಿತು. ಮೊದಲು ಕೇಬಲ್ ಟಿ.ವಿ., ಅನಂತರ ಇಂಟರ್‌ನೆಟ್. ಇಡೀ ದೇಶವನ್ನು ಹಿಡಿಯುವ ಹಟ ಮಾಡದೆ ಒಂದೊಂದೇ ನಗರ, ಒಂದೊಂದೇ ಬಡಾವಣೆ ಹಿಡಿದು ಬೆಳೆಯಿತು. ಹೈದರಾಬಾದ್, ಚೆನ್ನೈಗಳಿಗೂ ಹೋಯಿತು. ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ನೂರು ಮೀಟರ್ ತಂತಿ ಎಳೆದರೆ ಮಹಡಿಯ ಮೇಲೆ ಮಹಡಿಯಾಗಿ ಹತ್ತಾರು ಗಿರಾಕಿಗಳು. ಹಾಕಿದ ಹಣ ಬೇಗ ತಿರುಗಿ ಬರುತ್ತದೆ. ನಮ್ಮ ತೋಟದ ಮನೆಗೆ ಅರ್ಧ ಕಿಲೋಮೀಟರ್ ಎಳೆದರೆ ಸಿಗುವುದು ಒಬ್ಬನೇ ಗಿರಾಕಿ. ಖಾಸಗಿ ಕಂಪನಿ ಧರ್ಮಕ್ಕೆ ತಂತಿ ಎಳೆಯಲಿ ಎಂದು ನಾವೂ ಕೇಳುವಂತಿಲ್ಲ.

ಜನ ದಟ್ಟವಾದರೆ ಅದೇ ಕಂಪನಿಗಳು ಕರೆಯದೆಯೂ ಬರುತ್ತವೆ ಎಂಬುದಕ್ಕೂ ಉದಾಹರಣೆ ಪಕ್ಕದಲ್ಲೇ ಇದೆ. 2007ರಲ್ಲಿ ಯಲಹಂಕ ನಗರಸಭೆಯ ಜೊತೆಗೆ ಸುತ್ತಿನ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಈ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಅವುಗಳಲ್ಲಿ ಎಷ್ಟೋ ಕಡೆ ಕುಡಿಯುವ ನೀರಿನ ಕೊಳವೆಗಿಂತ ಮೊದಲು ಕೇಬಲ್ಲಿನವನ ತಂತಿ ಬಂದು ಮರದಿಂದ ಮರಕ್ಕೆ ಜೋತುಬಿದ್ದಿತ್ತು!

ಇನ್ನು ನಗರವಾಗದ ಹಳ್ಳಿಗಳ ಪಾಲಿಗೆ ಉಳಿದದ್ದು ಸರ್ಕಾರದ ಯೋಜನೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ತಲಾ 100 ಎಂ.ಬಿ.ಪಿ.ಎಸ್. ವೇಗದ ಸಂಪರ್ಕ ಕೊಡುವುದು ಗುರಿ. ಇದೇ ಮುಂದೆ ಭಾರತ್‌ನೆಟ್ ಆಯಿತು. ಕರ್ನಾಟಕದ ಪಂಚಾಯತಿಗಳು ಮೊದಲ ಹಂತದಲ್ಲೇ ಸೇರಿದ್ದವು. ಎರಡು ವರ್ಷದ ಕೆಲಸವೆಂದು ಹೊರಟದ್ದು, ದೇಶದಲ್ಲಿ ಮೊದಲ ಒಂದು ಲಕ್ಷ ಪಂಚಾಯತಿ ಮುಟ್ಟುವ ಹೊತ್ತಿಗೆ 2017ರ ಡಿಸೆಂಬರ್ ಆಗಿತ್ತು.

ತಂತಿ ಮುಟ್ಟಿದ ಮಾತ್ರಕ್ಕೆ ಕೆಲಸ ನಡೆಯಿತೆಂದಲ್ಲ. ಪಂಚಾಯತಿ ಕಟ್ಟಡದ ಗೋಡೆಯ ಮೇಲೆ ಪೆಟ್ಟಿಗೆ ಕುಳಿತಿದೆ, ದೀಪ ಉರಿಯುವುದಿಲ್ಲ. ಇಂಥ ದೃಶ್ಯ ಅನೇಕ ಕಡೆ ಕಂಡದ್ದೇ. ಕಾರಣ ಗುಟ್ಟಿನದೇನಲ್ಲ. ಹಳೆಯ ವ್ಯವಸ್ಥೆಯಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯತಿಗೆ ಒಂದೇ ದಾರಿ. ನಡುವೆ ರಸ್ತೆ ಅಗಲ ಮಾಡುವವರೋ ನೀರಿನ ಕೊಳವೆ ಹಾಕುವವರೋ ಜೆ.ಸಿ.ಬಿ. ಬಾಯಿ ಹಾಕಿದರೆ ಆಚೆಗಿನ ಸಂಪರ್ಕ ಪೂರ್ತಿ ಕಡಿದಂತೆ. ಜೊತೆಗೆ ಕರೆಂಟು ಹೋದರೆ ಪೆಟ್ಟಿಗೆಯೂ ಸತ್ತಂತೆ. ರಿಪೇರಿ ಯಾರ ಹೊಣೆ ಎಂಬುದು ಹಲವು ಕೈಗಳ ನಡುವೆ ಜಾರಿಹೋಗುತ್ತಿತ್ತು.

2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಯೋಜನೆ ಈ ದೋಷಗಳನ್ನು ತಿದ್ದಲು ಹೊರಟಿದೆ. ಮೊತ್ತ 1,39,579 ಕೋಟಿ ರೂಪಾಯಿ. ಇನ್ನು ಮುಂದೆ ತಂತಿ ಉಂಗುರದ ಆಕಾರದಲ್ಲಿ ಸುತ್ತಿಬರಬೇಕು. ಒಂದು ಕಡೆ ಕಡಿದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕ ಉಳಿಯುತ್ತದೆ. ಕಟ್ಟಿದ ಗುತ್ತಿಗೆದಾರನೇ ಹತ್ತು ವರ್ಷ ನೋಡಿಕೊಳ್ಳಬೇಕು. ಪಂಚಾಯತಿ ಕೇಂದ್ರವಲ್ಲದ ಹಳ್ಳಿಗಳೂ ಬೇಡಿಕೆ ಇಟ್ಟರೆ ಸಂಪರ್ಕ ಕೊಡಬೇಕು. 'ಬೇಡಿಕೆ ಇಟ್ಟರೆ' ಎಂಬ ಎರಡು ಪದಗಳನ್ನು ಓದುಗರು ನೆನಪಿನಲ್ಲಿಡಬೇಕು. ಕೇಳದ ಊರು ಪಟ್ಟಿಯಲ್ಲಿ ಹಿಂದೆ ಬೀಳುತ್ತದೆ.

ಕೇಳುವುದಕ್ಕೆ ಸಂಕೋಚ ಬೇಕಿಲ್ಲ. ಇದು ದಾನವಲ್ಲ. ದೂರವಾಣಿ ಕಂಪನಿಗಳ ಆದಾಯದಲ್ಲಿ ಶೇ. 5ರಷ್ಟನ್ನು ಹಳ್ಳಿಗಾಡಿನ ಸೇವೆಗೆಂದು 2002ರಿಂದ ಆರಂಭಿಸಿದ ನಿಧಿಗೆ ಪಡೆಯಲಾಗುತ್ತಿದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಗೆ ಆದಾಯ ಬರುವುದು ನಮ್ಮ ರೀಚಾರ್ಜಿನಿಂದಲೇ. ಕುರಿ ಕಾಯುವ ಹುಡುಗ ಹಾಕಿಸಿದ ಕರೆನ್ಸಿಯಲ್ಲೂ ಆ ಪಾಲು ಸೇರಿದೆ.

ಇದರಿಂದ ಬೇಸಾಯಕ್ಕೇನು ಲಾಭ? ಇಲ್ಲಿ ಅತಿಯಾದ ಆಸೆ ಹುಟ್ಟಿಸುವುದು ಸರಿಯಲ್ಲ. ಗಾಜಿನ ತಂತಿ ಹೊಲಕ್ಕೆ ಬರುವುದಿಲ್ಲ. ಬೆಳೆ ಸಮೀಕ್ಷೆಯ ಫೋಟೊ ತೆಗೆಯಲು ಹೊಲದಲ್ಲಿ ಬೇಕಾದದ್ದು ಮೊಬೈಲು, ಟವರು. ಆದರೆ ಆ ಟವರಿಗೂ ಬೆನ್ನ ಹಿಂದೆ ಫೈಬರ್ ಇದ್ದರೆ ಮಾತ್ರ ಸಂಜೆ ಹೊತ್ತು ಎಲ್ಲರೂ ಮೊಬೈಲು ಹಿಡಿದಾಗ ಅದು ಮುಗ್ಗರಿಸದು. ಪಹಣಿ, ಪಂಚಾಯತಿಯ ಇ-ಸ್ವತ್ತು, ಹಾಲಿನ ಡೇರಿಯ ಲೆಕ್ಕ, ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜಕ್ಕೆ ಎಫ್.ಐ.ಡಿ. ನೋಡುವುದು, ಇವೆಲ್ಲ ಈಗ ತಂತಿಯ ತುದಿಯಲ್ಲೇ ನಡೆಯುತ್ತವೆ. ಮುಂಗಾರು ಹದವಾದ ದಿನ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಕೇಳಿ ಹಿಂದಿರುಗಿದವನಿಗೆ ಒಂದು ದಿನದ ಬೆಲೆ ಗೊತ್ತು.

ಯಲಹಂಕದಲ್ಲಿಯೇ ಇರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಉದಾಹರಣೆ ನೋಡಿ. ರಾಜ್ಯದ ಗ್ರಾಮ ಪಂಚಾಯತಿ ಮಟ್ಟದಲ್ಲಿ ಇಟ್ಟಿರುವ 6000ಕ್ಕೂ ಹೆಚ್ಚು ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಮೊಬೈಲ್ ಜಾಲದ ಮೂಲಕ ಅಲ್ಲಿಗೆ ಲೆಕ್ಕ ಕಳಿಸುತ್ತವೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರಕ್ಕೂ ಈ ಅಂಕಿಗಳೇ ಆಧಾರ. ದ್ರಾಕ್ಷಿ, ದಾಳಿಂಬೆ ಇಟ್ಟವರಿಗೆ ಊರಿನ ಸಂಪರ್ಕ ಗಟ್ಟಿಯಾಗಿರುವುದು ಸಿನಿಮಾ ನೋಡುವ ಮಾತಷ್ಟೇ ಅಲ್ಲ.

ಅಂದಹಾಗೆ, ಹಳ್ಳಿಗೆಂದೇ ಯಂತ್ರ ರೂಪಿಸುವ ಕೆಲಸ ನಮ್ಮಲ್ಲಿ ಹಿಂದೆ ಆಗಿತ್ತು. ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನುಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಎ.ಸಿ. ಕೋಣೆ ಬೇಡದೆ, ಹಳ್ಳಿಯ ಬಿಸಿಲು ಧೂಳಿನಲ್ಲಿಯೇ ನಡೆಯುವಂತೆ ಅದನ್ನು ಕಟ್ಟಿದ್ದರು.

ಈಗ ಜಮೀನಿನ ಮಾತು. ಕೇಬಲ್ ಕಂಪನಿಯವರು ಹೊಲದ ಅಂಚಿನಲ್ಲಿ ಅಗೆಯಲು ಬಂದಾಗ ನಮ್ಮವರು ಎರಡರಲ್ಲೊಂದು ಮಾಡುತ್ತಾರೆ: ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ಓದದೆ ಸಹಿ ಹಾಕುತ್ತಾರೆ. ಎರಡೂ ಬೇಡ. 2023ರ ದೂರಸಂಪರ್ಕ ಕಾಯಿದೆ, ಅದರಡಿ 2025ರ ಜನವರಿ 1ರಿಂದ ಜಾರಿಗೆ ಬಂದ ದಾರಿ ಹಕ್ಕಿನ ನಿಯಮಗಳ ಪ್ರಕಾರ ಖಾಸಗಿ ಜಮೀನಿನಲ್ಲಿ ತಂತಿ ಹಾಕುವವರು ಮಾಲೀಕನೊಡನೆ ಒಪ್ಪಂದ ಮಾಡಿಕೊಳ್ಳಬೇಕು. ಕಂಪನಿಗೆ ಸಿಗುವುದು ಬಳಸುವ ಹಕ್ಕು ಮಾತ್ರ, ಜಮೀನಿನ ಮೇಲೆ ಒಡೆತನವಲ್ಲ. ಆದ್ದರಿಂದ ಸರ್ವೆ ನಂಬರು, ಎಷ್ಟು ಉದ್ದ, ಎಷ್ಟು ಆಳ, ಬದು ಮತ್ತು ಡ್ರಿಪ್ ಪೈಪು ಕಿತ್ತರೆ ಯಾರು ಸರಿಪಡಿಸಬೇಕು, ಇವಿಷ್ಟೂ ಕಾಗದದಲ್ಲಿರಲಿ. ಆಳದ ಬಗ್ಗೆ ವಿಶೇಷ ಎಚ್ಚರ ಬೇಕು. ಭಾರತ್‌ನೆಟ್ ಕೇಬಲ್ಲಿಗೆ ಗೊತ್ತುಮಾಡಿರುವುದು 1.65 ಮೀಟರ್, ಅಂದರೆ ಐದೂವರೆ ಅಡಿಗೆ ಸಮೀಪ. ಅಷ್ಟು ಆಳದಲ್ಲಿದ್ದರೆ ಟ್ರಾಕ್ಟರಿನ ನೇಗಿಲಿಗೆ ಸಿಗದು. ಬಂಡೆ ಬಂತೆಂದು ಒಂದೂವರೆ ಅಡಿಗೆ ನಿಲ್ಲಿಸಿದರೆ ಮುಂದೆ ಪೈಪ್‌ಲೈನ್ ತೆಗೆಯುವಾಗ ಕಡಿಯುವವರು ನಾವೇ, ಬೈಸಿಕೊಳ್ಳುವವರೂ ನಾವೇ. ಜೆ.ಸಿ.ಬಿ. ತರಿಸುವ ಮುನ್ನ ಕೆಳಗೆ ಏನಿದೆ ಎಂದು ತಿಳಿಯಲು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಟ್ಟಿದೆ.

ಬೇರೆಯವರು ಏನು ಮಾಡಿದರು? ನೆರೆಯ ಕೇರಳ 2023ರ ಜೂನಿನಲ್ಲಿ ಕೆ-ಫೋನ್ ಆರಂಭಿಸಿತು. ವಿದ್ಯುತ್ ಮಂಡಳಿಯ ಕಂಬಗಳನ್ನೇ ಹಿಡಿದು ತಂತಿ ಕಟ್ಟಿದ್ದರಿಂದ ಅಗೆಯುವ ಖರ್ಚು ಉಳಿಯಿತು. ಕಾಸರಗೋಡಿನ ಕನ್ನಡಿಗರಿಗೆ ಇದು ಮನೆಮುಂದಿನ ಸುದ್ದಿ. ಇನ್ನೂ ದೊಡ್ಡ ಸಾಹಸ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ್ದು. ದೊಡ್ಡ ಕಂಪನಿಗಳು ತಮ್ಮ ಹಳ್ಳಿಗಳಿಗೆ ಬರುವುದಿಲ್ಲವೆಂದು ಖಚಿತವಾದ ಮೇಲೆ ಅಲ್ಲಿನ ಜನ 2011ರಲ್ಲಿ 'ಬಿ-ಫಾರ್-ಆರ್.ಎನ್.' ಎಂಬ ಸಮುದಾಯ ಸಂಸ್ಥೆ ಕಟ್ಟಿದರು. ರೈತರು ತಮ್ಮ ಹೊಲಗಳಲ್ಲಿ ಪುಕ್ಕಟೆ ದಾರಿ ಬಿಟ್ಟರು, ತಾವೇ ಕಾಲುವೆ ಅಗೆದರು, ಷೇರು ಹಾಕಿದರು. ಲಂಡನ್ ಪೇಟೆಯವರಿಗೂ ಆಗ ಅಪರೂಪವಾಗಿದ್ದ ಒಂದು ಗಿಗಾಬಿಟ್ ವೇಗ ಕುರಿ ಸಾಕುವವರ ಮನೆಗೆ ತಿಂಗಳಿಗೆ 30 ಪೌಂಡಿಗೆ ಬಂತು.

ಹಾಲಿನ ಸಹಕಾರ ಸಂಘ ಕಟ್ಟಿ ನಡೆಸಿದ ನಮ್ಮ ಊರುಗಳಿಗೆ ಇದು ಆಗದ ಮಾತೇನಲ್ಲ. ಆದರೆ ಅವಸರ ಬೇಡ. ಪಂಚಾಯತಿಗೆ ಬರುವ 100 ಎಂ.ಬಿ.ಪಿ.ಎಸ್. ವೇಗವನ್ನು ಐವತ್ತು ಮನೆ ಒಂದೇ ಹೊತ್ತಿಗೆ ಬಳಸಿದರೆ ಮನೆಗೆ ಎರಡು ಬರುತ್ತದೆ. 2023ರಿಂದ ಬ್ರಾಡ್‌ಬ್ಯಾಂಡ್ ಎನ್ನಲು ಇರಬೇಕಾದ ಕನಿಷ್ಠ ವೇಗವೂ ಅದೇ ಎರಡು. ಊರಿನ ಕೇಬಲ್ಲಿನವರೋ ಓದಿದ ಯುವಕರೋ ಬಿ.ಎಸ್.ಎನ್.ಎಲ್. ಜೊತೆ ಆದಾಯ ಹಂಚಿಕೆಯ ಕರಾರಿನಲ್ಲಿ ಮನೆ ಸಂಪರ್ಕ ಕೊಡುವ ಭಾರತ್‌ನೆಟ್ ಉದ್ಯಮಿ ಪದ್ಧತಿ ಇದೆ. ಅದರಿಂದ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ಸಭೆಯಲ್ಲಿ ಪಿ.ಡಿ.ಓ. ಅವರನ್ನು ಇಷ್ಟು ಕೇಳಬಹುದು: ನಮ್ಮ ಪಂಚಾಯತಿಯ ಪೆಟ್ಟಿಗೆ ಕಳೆದ ತಿಂಗಳು ಎಷ್ಟು ದಿನ ನಡೆಯಿತು, ಬ್ಯಾಟರಿ ಇದೆಯೇ, ಶಾಲೆ ಮತ್ತು ಡೇರಿಗೆ ಅದರಿಂದ ತಂತಿ ಹೋಗಿದೆಯೇ, ಉಂಗುರದ ಯೋಜನೆಯಲ್ಲಿ ನಮ್ಮ ಯಾವ ಯಾವ ಹಳ್ಳಿಗಳ ಬೇಡಿಕೆ ಹೋಗಿದೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.