ಬಾವಿಯ ಈಜು ಸಮುದ್ರಕ್ಕೆ ಸಾಲದು

ಡಿಸೆಂಬರ್ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರು. ಮಕ್ಕಳ ಬೇಡಿಕೆ ಒಂದೇ: "ಸಮುದ್ರ ತೋರಸ್ರಿ ಸರ್." ತಪ್ಪೇನಿಲ್ಲ. ಇಲ್ಲಿಂದ ಗೋಕರ್ಣಕ್ಕೆ ಸುಮಾರು 600 ಕಿ.ಮೀ. ಸಮುದ್ರ ನೋಡದೆಯೇ ಮುದುಕರಾದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಮಕ್ಕಳಾದರೂ ನೋಡಲಿ. ಆದರೆ ನೀರಿಗೆ ಇಳಿಸಬೇಡಿ, ದಂಡೆಯ ಮೇಲೆ ನಡೆಸಿ ತೋರಿಸಿ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮಂತೆಯೇ ಸಮುದ್ರವಿಲ್ಲದ ಜಿಲ್ಲೆಯ ಮಕ್ಕಳು.

ನಮ್ಮ ಹುಡುಗರಿಗೆ ಒಂದು ಧೈರ್ಯ ಇರುತ್ತದೆ: "ಬಾವ್ಯಾಗ ಈಜ್ತೀನ್ರಿ, ಸಮುದ್ರ ಏನ್ ಮಾಡ್ತದ?" ಬಾವಿಯ ನೀರು ಯಾರನ್ನೂ ಎಳೆಯುವುದಿಲ್ಲ. ಸಮುದ್ರ ಎಳೆಯುತ್ತದೆ. ಅಲೆಗಳು ದಂಡೆಗೆ ತಂದ ನೀರು ಒಂದು ಇಕ್ಕಟ್ಟಾದ ದಾರಿ ಹಿಡಿದು ರಭಸದಿಂದ ವಾಪಸ್ ಹೋಗುತ್ತದೆ. ಅಲ್ಲಿ ಅಲೆ ಕಡಿಮೆ ಕಾಣುವುದರಿಂದ ಅದೇ ಸುರಕ್ಷಿತ ಜಾಗ ಅನ್ನಿಸುತ್ತದೆ. ಸಿಕ್ಕಿಕೊಂಡವರು ದಂಡೆಯ ಕಡೆಗೇ ಎದುರೀಜು ಹೊಡೆದು ಸೋಲುತ್ತಾರೆ. ಉಳಿಯಬೇಕಾದರೆ ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಬೇಕು, ಇಲ್ಲವೇ ತೇಲುತ್ತ ಕೈ ಎತ್ತಿ ಕೂಗಬೇಕು. ಬಸ್ಸು ಹತ್ತುವ ಮೊದಲೇ ಈ ಪಾಠ ಆಗಬೇಕು.

ನೀರಿಗಿಳಿಯದಿದ್ದರೆ ನೋಡಲು ಏನಿದೆ ಎನ್ನಬೇಡಿ. ಗೋಕರ್ಣದ ದಂಡೆಯಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡ ದಾಟಿದರೆ ಓಂ ಬೀಚ್. ಮೇಲಿನಿಂದ ನೋಡಿದರೆ ದಂಡೆ ಓಂ ಅಕ್ಷರದಂತೆಯೇ ಬಾಗಿದೆ. ಕಾಲಡಿಯ ಕೆಂಪು ಕಲ್ಲು ನೋಡಿದಾಗ ಬೀದರ್ ಕೋಟೆಯ ನೆಲ ನೆನಪಾಗುತ್ತದೆ, ಎರಡೂ ಜಂಬಿಟ್ಟಿಗೆಯೇ. ಮಕ್ಕಳಿಗೆ ಇಷ್ಟು ನಡಿಗೆ ಸಾಕು. ಮುಂದಿನ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ದಾರಿ ಕಡಿದು, ಬಂಡೆಗಳ ಅಂಚಿನಲ್ಲಿದೆ. ಅದು ದೊಡ್ಡವರಿಗೆ, ಅದೂ ಹಗಲಿನಲ್ಲಿ ಮಾತ್ರ.

ದ್ವೀಪ ನೋಡಬೇಕೆಂದರೆ ಇನ್ನೂ ದಕ್ಷಿಣಕ್ಕೆ, ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್‌ಗೆ ಹೋಗಬಹುದು. ಅಲ್ಲಿನ ಕಂಬಗಳಂಥ ಬಂಡೆಗಳು ಆರಿದ ಲಾವಾ. ನಮ್ಮ ಎರೆಹೊಲದ ಕರಿಮಣ್ಣೂ ಲಾವಾ ಕಲ್ಲು ಸವೆದು ಆದದ್ದೇ. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಯಾವ ತರಗತಿಯಲ್ಲಿ ಸಿಕ್ಕೀತು? ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಬೇರೆ ದಿನಗಳಲ್ಲೂ ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಪ್ರವಾಸವನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನಿಲ್ಲಿಸಿದರೆ ಬಡವರ ಮಕ್ಕಳಿಗೆ ಸಮುದ್ರ ಮೊಬೈಲಿನಲ್ಲಷ್ಟೇ ಉಳಿಯುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ತಾಯಿ ತಂದೆಯರು ಮೂರು ಪ್ರಶ್ನೆ ಕೇಳಲಿ: ಯಾವ ಬೀಚು? ಅಲ್ಲಿ ಜೀವರಕ್ಷಕರು ಇದ್ದಾರೆಯೇ? ಎಷ್ಟು ಮಕ್ಕಳಿಗೆ ಒಬ್ಬ ಮಾಸ್ತರರು? ಉತ್ತರ ಸಿಗದಿದ್ದರೆ ಸಹಿ ಬೇಡ.