ಕೈಯಲ್ಲಿಯ ವಸ್ತು, ಬಾಯಲ್ಲಿಯ ಮಾತು



ಮದುವೆಯಿರಲಿ, ಜಾತ್ರೆಯಿರಲಿ, ಸಭೆಯಲ್ಲಿ ಕುಳಿತ ಹಿರಿಯರನ್ನು ಇದ್ದಕ್ಕಿದ್ದಂತೆ ಎಬ್ಬಿಸಿ "ಎರಡು ಮಾತು ಹೇಳ್ರಿ" ಎನ್ನುವುದು ನಮ್ಮ ಕಡೆಯ ವಾಡಿಕೆ. ಸಿದ್ಧತೆಯಿಲ್ಲದೆ ಎದ್ದವನ ಗಂಟಲು ಒಣಗುತ್ತದೆ. ಆಗ ಅವನು ಆಕಾಶ ನೋಡಬಾರದು, ತನ್ನ ಸುತ್ತಲೂ ನೋಡಬೇಕು. ಮಾತಿಗೆ ಆಸರೆಯಾಗುವ ವಸ್ತು ಅಲ್ಲಿಯೇ ಇರುತ್ತದೆ.

ಶರಣರು ಇದನ್ನು ಬಲ್ಲವರು. ಜೇಡರ ದಾಸಿಮಯ್ಯನವರು ನೇಯ್ದವರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು, ಮಡಿವಾಳ ಮಾಚಯ್ಯನವರು ಬಟ್ಟೆ ಮಡಿ ಮಾಡಿದವರು. ಕೇಳುವವನ ಕೈಗೆ ಪರಿಚಯವಿದ್ದ ವಸ್ತುವಿನಿಂದಲೇ ಶರಣರು ಕಾಣದ ತತ್ವವನ್ನು ಕಾಣಿಸಿದರು.

ರಬಕವಿ ನೇಕಾರರ ಊರು. ಹಲವು ವರ್ಷಗಳ ಹಿಂದೆ ಅಲ್ಲಿಯ ಒಂದು ಮನೆಯ ಕಾರ್ಯದಲ್ಲಿ ನಮಗೂ ಹಠಾತ್ತನೆ ಮಾತನಾಡುವ ಪ್ರಸಂಗ ಬಂದಿತು. ಪಕ್ಕದ ಮಗ್ಗದಿಂದ ಲಾಳಿಯನ್ನು ಎತ್ತಿಕೊಂಡೆವು. "ಹಾಸು ಹಿರಿಯರು ಕೊಟ್ಟದ್ದು, ಹೊಕ್ಕು ನಾವು ಹಾಕುವುದು. ಎರಡೂ ಕೂಡಿದರೇನೇ ಬಾಳೆಂಬ ಬಟ್ಟೆ" ಎಂದೆವು. ಸಭೆ ನಿಶ್ಶಬ್ದವಾಯಿತು. ಅಲ್ಲಿಗೆ ಲಾಳಿಯನ್ನು ಕೆಳಗಿಡಬೇಕಾಗಿತ್ತು. ಇಡಲಿಲ್ಲ. ಮಾತು ಬೇರೆ ವಿಷಯಕ್ಕೆ ಹೊರಳಿದರೂ ಕೈಯಲ್ಲಿ ಅದನ್ನು ತಿರುಗಿಸುತ್ತಲೇ ಇದ್ದೆವು. ಕಂಡಿಕೆ ಜಾರಿ ಬಿದ್ದಿತು, ನೂಲು ಬಿಚ್ಚಿ ಹರಡಿತು, ಮಕ್ಕಳು ನಕ್ಕರು. ಮುಂದೆ ಹೇಳಿದ್ದು ಯಾರ ಕಿವಿಗೂ ಹತ್ತಲಿಲ್ಲ.

ಸಭೆ ಮುಗಿದ ಮೇಲೆ ಮುದಿ ನೇಕಾರರೊಬ್ಬರು ನಮಸ್ಕರಿಸಿ, "ಅಪ್ಪಾರ, ಲಾಳಿ ಹಾಯೋದು ಎಳಿ ಬಿಡಾಕ್ರಿ, ತೋರಸಾಕಲ್ರಿ" ಎಂದರು. ಆ ಮಾತು ಇಂದಿಗೂ ನಮಗೆ ಪಾಠವಾಗಿದೆ.

ಆದ್ದರಿಂದ ಒಂದೇ ವಸ್ತುವನ್ನು ಆರಿಸಿಕೊಳ್ಳಿರಿ. ಅದರ ಮಾತು ಬಂದಾಗ ಎತ್ತಿರಿ, ಮುಗಿದೊಡನೆ ಕೆಳಗಿಡಿರಿ. ಕೊನೆಯ ಸಾಲಿನ ಮುದುಕಿಗೆ ಕಾಣದಿದ್ದರೆ ಅದೇನೆಂದು ಬಾಯಿಂದ ಹೇಳಿರಿ. ಮಾತು ನಡೆದಿರುವಾಗ ವಸ್ತುವನ್ನು ಕೈಯಿಂದ ಕೈಗೆ ಕಳಿಸಬೇಡಿರಿ, ಕಿವಿಗಳೂ ಅದರ ಹಿಂದೆಯೇ ಹೋಗುತ್ತವೆ. ಇಷ್ಟಲಿಂಗವಂತೂ ಪೂಜೆಗಿರುವುದು, ಪ್ರದರ್ಶನಕ್ಕಲ್ಲ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಜಿಪುಣನು ತುಂಬಿದ ಬುಟ್ಟಿಯನ್ನು ಎತ್ತಿ ಹಿಡಿದು ದಾಸೋಹದ ಮಹಿಮೆ ಹೇಳಿದರೆ ಜನ ಬುಟ್ಟಿಯನ್ನು ನೋಡುವುದಿಲ್ಲ, ಅವನನ್ನೇ ನೋಡುತ್ತಾರೆ. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಕಿಸೆಯಿಲ್ಲದ ಅಂಗಿ ತೊಟ್ಟು ಬಾಳಿದರು. ಆ ಅಂಗಿಯನ್ನು ಎತ್ತಿ ತೋರಿಸುವ ಅಗತ್ಯ ಅವರಿಗಿರಲಿಲ್ಲ. ನಿರ್ಮೋಹದ ಉಪದೇಶಕ್ಕೆ ಅವರ ಮೈಮೇಲಿನ ಬಟ್ಟೆಯೇ ಸಾಕ್ಷಿಯಾಗಿತ್ತು.

ವಸ್ತುವು ಮಾತಿಗೆ ಊರುಗೋಲು, ನಡೆಯೇ ಅದರ ಕಾಲು. ಕಾಲಿಲ್ಲದವನಿಗೆ ಕೋಲು ಎಷ್ಟು ದೂರ ಬಂದೀತು? ಮುಂದಿನ ಸಲ ಯಾರಾದರೂ ನಿಮ್ಮನ್ನು ಎಬ್ಬಿಸಿದರೆ ಅಂಜದೆ ಏಳಿರಿ. ನಡೆದದ್ದನ್ನೇ ನುಡಿಯಿರಿ. ನಿಮಗೆಲ್ಲ ಸನ್ಮಂಗಳವಾಗಲಿ.