ಮೆಲ್ಲಗೂ ನುಡಿಯಬಲ್ಲ ವಾದ್ಯ

‘ಪಿಯಾನೋ’ ಎಂದರೆ ಇಟಾಲಿಯನ್ ಭಾಷೆಯಲ್ಲಿ ‘ಮೆಲ್ಲಗೆ’ ಎಂದರ್ಥ. ಸಭಾಂಗಣವನ್ನೇ ತುಂಬಬಲ್ಲ ವಾದ್ಯಕ್ಕೆ ಇದೆಂತಹ ಹೆಸರೆಂದು ವಾಚಕರು ನಕ್ಕಾರು. ಪೂರ್ಣನಾಮ ‘ಪಿಯಾನೋಫೋರ್ಟೆ’, ಅಂದರೆ ಮೆಲ್ಲಗೆ ಮತ್ತು ಗಟ್ಟಿಯಾಗಿ. ಕಾಲಕ್ರಮದಲ್ಲಿ ಗಟ್ಟಿಯ ಭಾಗವೇ ಉದುರಿಹೋಯಿತು!

ಅದಕ್ಕೂ ಹಿಂದೆ ಯುರೋಪಿನ ಅರಮನೆಗಳಲ್ಲಿ ಮೆರೆಯುತ್ತಿದ್ದುದು ಹಾರ್ಪ್ಸಿಕಾರ್ಡ್. ಅದರ ಕೀಲಿಯನ್ನೊತ್ತಿದರೆ ಹಕ್ಕಿಗರಿಯ ತುಂಡೊಂದು ತಂತಿಯನ್ನು ಮೀಟುವುದು. ಬೆರಳು ಮೃದುವಾಗಿ ಒತ್ತಲಿ, ಬಲವಾಗಿ ಒತ್ತಲಿ, ನಾದ ಬಹುಮಟ್ಟಿಗೆ ಒಂದೇ. ಕ್ಲಾವಿಕಾರ್ಡ್ ಎಂಬ ಇನ್ನೊಂದು ವಾದ್ಯವೇನೋ ಬೆರಳಿನ ಮಾತನ್ನು ಕೇಳುತ್ತಿತ್ತು. ಆದರೆ ಅದರ ದನಿ ಬಲು ಕ್ಷೀಣ.

ಈ ಕೊರತೆಯನ್ನು ನೀಗಿದವನು ಬಾರ್ತೊಲೊಮೆಯೊ ಕ್ರಿಸ್ತೊಫೊರಿ. 1655ರಲ್ಲಿ ಪಡುವಾ ನಗರದಲ್ಲಿ ಜನಿಸಿದ ಈತ 1688ರಲ್ಲಿ ಫ್ಲಾರೆನ್ಸಿನ ರಾಜಕುಮಾರ ಫರ್ಡಿನಾಂಡೊ ಮೆದಿಚಿಯ ಆಶ್ರಯ ಪಡೆದನು. 1700ರ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ ಅವನ ಹೊಸ ಸೃಷ್ಟಿಯ ಉಲ್ಲೇಖವಿದೆ.

ತಂತಿಯನ್ನು ಸುತ್ತಿಗೆಯಿಂದ ಬಡಿಯುವುದೇನು ಮಹಾ ವಿದ್ಯೆಯೇ ಎನ್ನಬಹುದು. ತೊಡಕಿರುವುದು ಬಡಿದ ಮೇಲೆ. ಗಂಟೆಯನ್ನು ಬಡಿದು, ಬಡಿದ ಕೋಲನ್ನು ಅದಕ್ಕೇ ಒತ್ತಿ ಹಿಡಿದರೆ ನಾದವು ಅಲ್ಲಿಯೇ ಅಡಗುವುದಿಲ್ಲವೆ? ಬೆರಳು ಕೀಲಿಯ ಮೇಲಿರುವಾಗಲೇ ಸುತ್ತಿಗೆಯು ತಂತಿಯನ್ನು ಬಿಟ್ಟು ಹಿಂದೆ ಸರಿಯಬೇಕು. ಸುತ್ತಿಗೆಯನ್ನು ಮೇಲಕ್ಕೆ ನೂಕುವ ಪುಟ್ಟ ಸನ್ನೆಯು ಕೊನೆಯ ಕ್ಷಣದಲ್ಲಿ ಜಾರಿಕೊಳ್ಳುವಂತೆ ಕ್ರಿಸ್ತೊಫೊರಿ ಯೋಜಿಸಿದನು. ಉಳಿದ ಕಿಂಚಿತ್ ದೂರವನ್ನು ಸುತ್ತಿಗೆಯು ತನ್ನ ವೇಗದಿಂದಲೇ ಕ್ರಮಿಸಿ, ತಂತಿಯನ್ನು ತಾಡಿಸಿ ಮರಳುತ್ತಿತ್ತು. ಬೆರಳಿನ ವೇಗವೇ ಸುತ್ತಿಗೆಯ ವೇಗ. ಅದೇ ನಾದದ ಏರಿಳಿತ. ಇಂದಿನ ಪಿಯಾನೋದ ಒಡಲಿನಲ್ಲಿಯೂ ಇರುವುದು ಇದೇ ತತ್ತ್ವ.

ಇಷ್ಟಾದರೂ ಸ್ವದೇಶದಲ್ಲಿ ಅವನಿಗೆ ದೊರೆತ ಆದರ ಅಷ್ಟಕ್ಕಷ್ಟೆ. 1711ರಲ್ಲಿ ಷಿಪಿಯೋನೆ ಮಾಫೆಯಿ ಎಂಬ ವಿದ್ವಾಂಸನು ಈ ವಾದ್ಯವನ್ನು ಮೆಚ್ಚಿ ಲೇಖನ ಬರೆದಾಗ, ಇದರ ನಾದ ಮಂಕೆಂದು ಕೆಲವು ಸಂಗೀತಗಾರರು ಆಕ್ಷೇಪಿಸಿದ್ದುದನ್ನೂ ತಿಳಿಸಬೇಕಾಯಿತು. ಗರಿಯ ಝೇಂಕಾರಕ್ಕೆ ಒಗ್ಗಿದ ಕಿವಿಗಳು ಪಾಪ, ಇನ್ನೇನು ಹೇಳಿಯಾವು! ಕ್ರಿಸ್ತೊಫೊರಿ 1730ರ ದಶಕದ ಆದಿಯಲ್ಲಿ ತೀರಿಕೊಂಡನು.

ಅಷ್ಟರಲ್ಲಿ, 1725ರಲ್ಲಿ, ಮಾಫೆಯಿಯ ಲೇಖನ ಜರ್ಮನ್ ಭಾಷೆಯಲ್ಲಿ ಅಚ್ಚಾಗಿತ್ತು. ಅಲ್ಲಿ ಆರ್ಗನ್ ನಿರ್ಮಾಪಕ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಪಿಯಾನೋಗಳ ತಯಾರಿಕೆಗೆ ತೊಡಗಿದನು. ಮಹಾಸಂಗೀತಗಾರ ಬಾಕ್ ಮೊದಲು ಅವುಗಳಲ್ಲಿ ದೋಷವನ್ನೇ ಕಂಡನು: ಮೇಲಿನ ಸ್ವರಗಳು ಬಲಹೀನ, ಕೀಲಿಗಳು ಭಾರ. ಸಿಲ್ಬರ್‌ಮನ್ ಮುನಿದರೂ ವರ್ಷಗಟ್ಟಲೆ ತಿದ್ದಿದನು. 1747ರಲ್ಲಿ ಪಾಟ್ಸ್‌ಡ್ಯಾಮ್ ಅರಮನೆಯಲ್ಲಿ ಫ್ರೆಡರಿಕ್ ದೊರೆಯ ಮುಂದೆ ಬಾಕ್ ನುಡಿಸಿದ್ದು ಸಿಲ್ಬರ್‌ಮನ್ನನ ಪಿಯಾನೋಗಳನ್ನೇ.

ಕ್ರಿಸ್ತೊಫೊರಿಯ ಕೈಯ ಮೂರು ಪಿಯಾನೋಗಳು ಮಾತ್ರ ಉಳಿದಿವೆ. 1722ರದು ರೋಮಿನಲ್ಲಿ, 1726ರದು ಲೈಪ್‌ಜಿಗ್‌ನಲ್ಲಿ; ಎಲ್ಲಕ್ಕೂ ಹಿರಿಯದಾದ 1720ರದು ಸಾಗರ ದಾಟಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.